ಹಸೆಯ ಮೇಲೆ ಕೂತ ಫೋನು

ಒಂದು ಮೊಬೈಲ್ ಕಂಪನಿಯವರು ಆಗ ಹಾಡು ಕೇಳುವವರಿಗೆಂದೇ ಒಂದು ಸಂಸಾರದಷ್ಟು ಫೋನುಗಳನ್ನು ಮಾಡಿ ಬಿಟ್ಟಿದ್ದರು. ಜಾರಿಸಿ ತೆರೆಯುವುದೊಂದು, ಮಡಚುವುದೊಂದು, ಅರ್ಧ ಸುತ್ತು ತಿರುಗಿ ನಿಲ್ಲುವುದೊಂದು. ಎಲ್ಲದರ ಮೈಮೇಲೂ ಹಾಡಿಗೆಂದೇ ಬೇರೆ ಗುಂಡಿ. ಒತ್ತಿದರೆ ಫೋನು ತಾನು ಫೋನೆಂಬುದನ್ನೇ ಮರೆತು ಹಾಡತೊಡಗುತ್ತಿತ್ತು. ನಮ್ಮ ಕುಮಟೆಯ ಅಂಗಡಿಗಳಲ್ಲಿ ಎರಡೋ ಮೂರೋ ಮಾಡೆಲ್ ಇದ್ದವು. ಪೂರ್ತಿ ರೇಂಜ್ ನೋಡಬೇಕಾದರೆ ಭಟ್ಕಳಕ್ಕೆ ಹೋಗಬೇಕು ಎಂದರು, ಹೋದೆ. ಹೈಸ್ಕೂಲಿನ ಇಂಗ್ಲಿಷ್ ಟೀಚರ್ ಕೆಲಸದಿಂದ ರಿಟೈರ್ ಆಗಿ ಎರಡು ತಿಂಗಳಾಗಿತ್ತು. ಒಂದು ಮಧ್ಯಾಹ್ನವನ್ನು ಫೋನು ನೋಡುವುದಕ್ಕೆಂದೇ ಖರ್ಚು ಮಾಡುವ ಐಷಾರಾಮ ನನಗೆ ಹೊಸದು.

ಅಂಗಡಿಯವರು ತಮ್ಮ ಅಣ್ಣನೊಡನೆ ನವಾಯತಿಯಲ್ಲಿ, ಪಕ್ಕದ ಗಿರಾಕಿಯೊಡನೆ ಉರ್ದುವಿನಲ್ಲಿ, ನನ್ನೊಡನೆ ಕನ್ನಡದಲ್ಲಿ ಮಾತಾಡುತ್ತ, ಅಂಕಿಗಳು ದೊಡ್ಡದಾಗಿರುವ ಒಂದು ಸಾದಾ ಫೋನನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಇದು ನಿಮ್ಮ ಏಜಿನವರಿಗೆ ಈಜಿ ಎಂದರು. ಏಜ್ ಆದದ್ದು ಕಣ್ಣಿಗೆ, ಕಿವಿಗಲ್ಲ ಎಂದೆ. ನಕ್ಕು, ಕಪ್ಪು ಮೈಯ ಮ್ಯೂಸಿಕ್ ಫೋನನ್ನು ಕೈಗಿಟ್ಟರು. ಅದರ ಹಾಡಿನ ಗುಂಡಿಯನ್ನು ಒತ್ತಿ ಹಿಡಿದು ಅಲ್ಲಾಡಿಸಿದರೆ ಹಾಡು ಬದಲಾಗುತ್ತಿತ್ತು.

ಅಷ್ಟು ಸಣ್ಣ ವಸ್ತುವಿಗೆ ಯಾಕೆ ಅಷ್ಟು ಆಸೆಪಟ್ಟೆ ಎಂದರೆ, ನಾನು ಓದಿದ ಕಾನ್ವೆಂಟಿನ ಪಾರ್ಲರಿನಲ್ಲಿ ಒಂದು ಪಿಯಾನೋ ಇತ್ತು. ಮ್ಯೂಸಿಕ್ ಲೆಸನ್ನಿಗೆ ಸೇರಿದ ಹುಡುಗಿಯರು ಮಾತ್ರ ಅದನ್ನು ಮುಟ್ಟಬಹುದಿತ್ತು. ನಾನು ಕ್ವಾಯರಿನಲ್ಲಿ, ಮೂರನೇ ಸಾಲಿನಲ್ಲಿ ನಿಂತು ಬಾಯಿ ತೆರೆಯುವವಳು. ಪಿಯಾನೋದ ಮುಚ್ಚಳದ ಧೂಳು ಒರೆಸುವ ಡ್ಯೂಟಿ ಬಂದಾಗ ಒರೆಸಿದ್ದೇನೆ, ಅಷ್ಟೆ. ಅರವತ್ತು ದಾಟಿದ ಮೇಲೆ ಹಾಡೆಲ್ಲ ನನ್ನ ಬ್ಯಾಗಿನೊಳಗೇ ಬಂದು ಕೂತಿತು. ಭಟ್ಕಳದಿಂದ ಹಿಂದಿರುಗುವ ಬಸ್ಸಿನಲ್ಲಿ ಬ್ಯಾಗಿನ ಯಾವುದೋ ಡಬ್ಬಿ ಆ ಗುಂಡಿಗೆ ಒತ್ತಿಕೊಂಡು, ರಸ್ತೆಯ ಹೊಂಡ ಬಂದಾಗಲೆಲ್ಲ ಹಾಡು ಬದಲಾಗುತ್ತ ಹೋಯಿತು. ಹೊನ್ನಾವರ ಬರುವಷ್ಟರಲ್ಲಿ ಒಂದು ಹಾಡನ್ನೂ ಪೂರ್ತಿ ಕೇಳಿರಲಿಲ್ಲ. ಆದರೂ ಅಂಥ ಸುಖದ ಪ್ರಯಾಣ ಬೇರೆ ಮಾಡಿಲ್ಲ.

ಆ ಫೋನನ್ನು ನಾನು ಮೊದಲು ತೋರಿಸಲು ಓಡಿದ್ದು ಹೊನ್ನಾವರದಾಚೆಯ ಮಂಕಿ ಊರಿಗೆ, ನನ್ನ ವಾರಗಿತ್ತಿಗೆ. ನಮ್ಮ ಮನೆಯವರ ಅಣ್ಣನ ಹೆಂಡತಿ. ನಾನು ಅಕ್ಕಯ್ಯ ಎನ್ನುತ್ತಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಮದುವೆಯ ಹಾಡುಗಳಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. ನಮ್ಮಲ್ಲಿ ಮದುಮಕ್ಕಳನ್ನು ಕೂರಿಸಲು ಕೆಮ್ಮಣ್ಣು ಸಾರಿಸಿ, ಶೇಡಿ ಮಣ್ಣಿನ ಬಿಳಿ ಚಿತ್ತಾರ ಬರೆದು, ಮಣೆ ಹಾಕುತ್ತಾರೆ. ಅದೇ ಹಸೆ. ಅಲ್ಲಿಗೆ ಮದುಮಗಳು ತಾನಾಗಿ ಬಂದು ಕೂರುವಂತಿಲ್ಲ. ಹೆಂಗಸರು ಹಾಡಿ ಕರೆಯಬೇಕು. ಅಕ್ಕಯ್ಯ ಮುಂದೆ ಹೇಳುವುದು, ಉಳಿದವರು ಹಿಂದೆ ಹಿಡಿಯುವುದು. ನನಗೆ ಒಂದು ಹಾಡೂ ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ಅವಳು ಅದಕ್ಕೊಂದು ಕಾರಣ ಕಂಡುಹಿಡಿದಿದ್ದಳು. ನಿನ್ನ ಸಿಸ್ಟರ್‌ಗಳಾದ್ರೂ ಎಲ್ಲಿಂದ ಕಲಿಸ್ಬೇಕು, ಅವರೇ ಮದುವೆ ಆದವರಲ್ಲ ಎಂದು ಊಟದ ಹಂತಿಯಲ್ಲಿ ಎಲ್ಲರೆದುರು ಹೇಳಿ ನಗಿಸಿದ್ದಳು.

ನಾನು ಫೋನು ಹಿಡಿದು ಹೋದ ಆ ದಿನ ಅಕ್ಕಯ್ಯ ನಗುವ ಸ್ಥಿತಿಯಲ್ಲಿರಲಿಲ್ಲ. ಕತ್ತಿನಲ್ಲಿ ಗಂಟು. ಹೊನ್ನಾವರದ ಡಾಕ್ಟರು ನೋಡಿ, ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ ಆಪರೇಶನ್ ಮಾಡಿಸಿ ಎಂದಿದ್ದರು. ಧ್ವನಿಯ ನರದ ಪಕ್ಕದಲ್ಲೇ ಇದೆ, ಆಮೇಲೆ ಧ್ವನಿ ಮೊದಲಿನಂತೆ ಬರುತ್ತದೆಂದು ಹೇಳಲಾಗುವುದಿಲ್ಲ ಎಂದೂ ಹೇಳಿದ್ದರು. ಇತ್ತ ಕಡೇ ಮಗಳ ಮದುವೆ ನಿಶ್ಚಯವಾಗಿ ಎರಡು ತಿಂಗಳು ಬಾಕಿ. ಊರ ಮಕ್ಕಳನ್ನೆಲ್ಲ ಹಸೆಗೆ ಕರೆದವಳಿಗೆ ತನ್ನ ಮಗಳನ್ನೇ ಕರೆಯಲು ಆಗದೆ ಹೋಗಬಹುದು. ಗಂಟಿನ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ, ಇದನ್ನು ಮಾತ್ರ ಎರಡು ಸಲ ಹೇಳಿದಳು.

ನನಗೆ ಕೂಡಲೇ ಪ್ರಾಕ್ಟಿಕಲ್ ಉಪಾಯ ಹೊಳೆಯಿತು. ಫೋನಿನಲ್ಲಿ ರೆಕಾರ್ಡರ್ ಇತ್ತು. ಈಗಲೇ ಹಾಡಿಬಿಡು, ಮದುವೆಯ ದಿನ ಸ್ಪೀಕರಿಗೆ ಹಾಕಿದರೆ ನೀನೇ ಕರೆದಂತೆ ಎಂದೆ. ಅವಳು ನನ್ನನ್ನು ದಡ್ಡ ಮಗುವನ್ನು ನೋಡುವಂತೆ ನೋಡಿದಳು.

"ಹಸೆ ಮೇಲೆ ಯಾರೂ ಇಲ್ಲದೆ ಹಸೆ ಹಾಡು ಹೇಳೂಕಾಗ್ತದ್ಯೇ ಮಾರಾಯ್ತಿ? ಬರಿದೇ ಹಸೆಗೆ ಹಾಡಿದ್ರೆ ಎಂತ ಬಂದು ಕೂತ್ಕಳ್ತದೆ ಹೇಳಿ ಯಾರಿಗೆ ಗೊತ್ತು."

ಹಾಗಾದರೆ ಮಗಳನ್ನೇ ಕೂರಿಸೋಣ ಎಂದೆ. ಮುಹೂರ್ತಕ್ಕೆ ಮೊದಲು ಮದುಮಗಳನ್ನು ಹಸೆಗೆ ಕರೆಯುವುದು ಇನ್ನೂ ಕೆಟ್ಟದ್ದಂತೆ. ತುಳಸಿ ಗಿಡವನ್ನೇ ಮದುಮಗಳೆಂದು ಹಾಡೋಣವೆಂದರೆ ಕಾರ್ತಿಕದ ತುಳಸಿ ಮದುವೆಗೆ ಇನ್ನೂ ಬಹಳ ದಿನವಿತ್ತು. ನನ್ನ ಎಲ್ಲ ಸಜೆಶನ್ನುಗಳೂ ಮುಗಿದವು. ನಾಲ್ಕನೇ ದಿನಕ್ಕೆ ಅವಳು ಆಸ್ಪತ್ರೆಗೆ ಸೇರಬೇಕು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಕ್ಕಯ್ಯ ಜಗಲಿಯಲ್ಲಿ ಕೆಮ್ಮಣ್ಣು ಸಾರಿಸಿ ಶೇಡಿ ಬರೆಯುತ್ತ ಕೂತಿದ್ದಳು. ಮಣೆ ಹಾಕಿದ್ದಳು, ಮಣೆಯ ಮೇಲೆ ಬಿಳೇ ಪಂಚೆ. ಯಾರಿಗೆ ಎಂದು ಕೇಳಿದರೆ ಕೈ ಚಾಚಿದಳು.

"ತಾ ನಿನ್ನ ಫೋನು. ಇವತ್ತು ಇದೇ ಮದುಮಗ."

ಗುಂಡಿ ಒತ್ತಿ, ಕೆಂಪು ಚುಕ್ಕೆ ಹೊತ್ತಿದ್ದನ್ನು ನೋಡಿ, ಫೋನನ್ನು ಮಣೆಯ ಮೇಲೆ ಕೂರಿಸಿದೆ. ಮಲಗಿಸಬೇಡ, ಕೂರಿಸು ಎಂದಳು. ತೆಂಗಿನಕಾಯಿಯೊಂದನ್ನು ಒರಗು ಕೊಟ್ಟೆವು. ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಹೆಂಗಸು ಬಾಗಿಲಲ್ಲೇ ನಿಂತು, ಗಂಡು ಕಪ್ಪಾದರೂ ಮೈಕಟ್ಟು ಚೆನ್ನಾಗಿದೆ, ಕುಲ ಯಾವುದು ಎಂದು ವಿಚಾರಿಸಿದಳು. ಭಟ್ಕಳದ ಕಡೆಯವರು, ಮೂಲ ದುಬೈ ಅಂತೆ ಎಂದು ಅಕ್ಕಯ್ಯ ಗಂಭೀರವಾಗಿ ಉತ್ತರಿಸಿದಳು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಮೇಲೆ ಅವಳು ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಹಾಡತೊಡಗಿದಳು.

ಆ ಧ್ವನಿಯನ್ನು ಹೇಗೆ ಹೇಳಲಿ. ಮೇಲಕ್ಕೆ ಹೋಗುವಾಗ ಅವಳು ಎಂದೂ ಕೂಗುತ್ತಿರಲಿಲ್ಲ, ಏಣಿ ಇಟ್ಟು ಹತ್ತಿದ ಹಾಗೆ ಹೋಗುತ್ತಿದ್ದಳು. ಕ್ವಾಯರಿನಲ್ಲಿ ನಮಗೆ ಬ್ರೆತ್ ಕಂಟ್ರೋಲ್ ಎಂದು ಕೋಲು ಹಿಡಿದು ಕಲಿಸಿದ್ದು ಅವಳಿಗೆ ಯಾರೂ ಕಲಿಸದೆ ಬಂದಿತ್ತು. ಪಕ್ಕದ ಮನೆಯವಳು ಹೆಪ್ಪಿನ ಲೋಟ ಕೆಳಗಿಟ್ಟು ಹಿಂದಿನಿಂದ ಸಾಲು ಹಿಡಿದಳು. ಮುಗಿದದ್ದೇ ನಾನು ರೆಕಾರ್ಡಿಂಗ್ ನಿಲ್ಲಿಸಲು ಕೈ ಚಾಚಿದರೆ ಅಕ್ಕಯ್ಯ ಕೈಗೆ ಹೊಡೆದಳು. ಹಸೆಗೆ ಕೂತವರನ್ನು ಆರತಿಯಾಗದೆ ಎಬ್ಬಿಸುವಂತಿಲ್ಲ. ಆರತಿ ತಟ್ಟೆ ತಂದು, ಹಾಡಿ, ಎತ್ತಿ, ಕುಂಕುಮದ ನೀರಿನಲ್ಲಿ ಬೆರಳದ್ದಿ ಮದುಮಗನ ಹಣೆಗೆ ಇಟ್ಟಳು. ಫೋನಿನ ಹಣೆಯಲ್ಲಿರುವುದು ಕಿವಿಗೆ ಕೇಳಿಸುವ ತೂತು. ಅಂದಿನಿಂದ ನನಗೆ ಫೋನು ಮಾಡಿದವರೆಲ್ಲ ಬಾವಿಯೊಳಗಿನಿಂದ ಮಾತಾಡಿದಂತೆ ಕೇಳುತ್ತಿತ್ತು. ಆದರೆ ಹಾಡು ಉಳಿದಿತ್ತು. ಮೊದಲಿಗಿದ್ದ ನಗೆಮಾತನ್ನು ಕತ್ತರಿಸಿ ತೆಗೆಸಿ, ಅದನ್ನು ಎರಡು ಬೇರೆ ಮೆಮೊರಿ ಕಾರ್ಡಿಗೆ ಕಾಪಿ ಮಾಡಿಸಿ, ಒಂದನ್ನು ಕುಮಟೆಯ ಮನೆಯ ಕಪಾಟಿನಲ್ಲಿ, ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡೆ.

ಆಪರೇಶನ್ ಆಯಿತು. ಗಂಟು ಕ್ಯಾನ್ಸರಿನದಲ್ಲ ಎಂದು ರಿಪೋರ್ಟ್ ಬಂತು. ಧ್ವನಿ ಬರಲಿಲ್ಲ. ಮೊದಲು ಬರೀ ಗಾಳಿ, ತಿಂಗಳ ಮೇಲೆ ಒಣಗಿದ ತೆಂಗಿನ ಮಡ್ಲು ಎಳೆದಂಥ ಸದ್ದು. ಎರಡು ಮಾತಿಗೊಮ್ಮೆ ಬಿಸಿನೀರು ಕುಡಿಯಬೇಕು. ನಾನು ಪ್ರತೀ ವಾರ ಹೋಗಿ, ಹೆದರಬೇಡ, ಹಾಡು ಸೇಫ್ ಆಗಿದೆ ಎನ್ನುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು. ಅದನ್ನು ಒಪ್ಪಿಗೆ ಎಂದುಕೊಂಡೆ.

ಮದುವೆಯ ದಿನ ಚಪ್ಪರದಲ್ಲಿ ಜನ ಕೂತಿದ್ದರು. ಫೋನನ್ನು ಮೈಕಿನವರ ಪೆಟ್ಟಿಗೆಗೆ ವಯರಿನಲ್ಲಿ ಜೋಡಿಸಿ, ಹಸೆಯ ಪಕ್ಕದಲ್ಲಿ ನಾನೇ ಕಾವಲು ನಿಂತಿದ್ದೆ. ಭಟ್ಟರು ಹುಡುಗಿಯನ್ನು ಕರೆಸಿ ಎಂದರು. ಗುಂಡಿ ಒತ್ತಿದೆ. ಅಕ್ಕಯ್ಯನ ಹಳೆಯ ಧ್ವನಿ ಚಪ್ಪರದ ತುಂಬ ಎದ್ದು ನಿಂತಿತು. ಮಾತಾಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸ್ಪೀಕರಿನ ಕಡೆ ತಿರುಗಿದರು. ಒಳಕೋಣೆಯಲ್ಲಿ ಕೂತಿದ್ದ ಮಗಳು ಎದ್ದು ಹೊಸಿಲಿನ ತನಕ ಬಂದಳು, ಮುಖವೆಲ್ಲ ಒದ್ದೆ. ಅಲ್ಲೇ ನಿಂತಿದ್ದ ಅಕ್ಕಯ್ಯ ಅಡ್ಡ ಕೈ ಇಟ್ಟಳು.

"ನಿಲ್ಲು. ಅದು ನಿನ್ನ ಕರೆದದ್ದಲ್ಲ."

ನನಗೆ ಬಂದ್ ಮಾಡಲು ಸನ್ನೆ ಮಾಡಿದಳು. ನಾನು ಗಾಬರಿಯಿಂದ ಹತ್ತಿರ ಹೋದರೆ, ನಿಧಾನ ಉಸಿರು ಕೂಡಿಸಿಕೊಂಡು ಹೇಳಿದಳು.

"ಅವತ್ತು ನಾ ಕರೆದದ್ದು ಫೋನನ್ನ. ಕೂರ್ಸಿ ಆತು, ಆರತಿನೂ ಆತು. ಒಬ್ಬರಿಗೆ ಹೇಳಿದ ಹಸೆ ಹಾಡು ಮತ್ತೊಬ್ಬರಿಗೆ ನಡೂದಿಲ್ಲ, ತಂಗಿ."

ನಾನು ಎರಡು ತಿಂಗಳು ಕಾದಿಟ್ಟುಕೊಂಡದ್ದು, ಅವಳ ಲೆಕ್ಕದಲ್ಲಿ ಹಾಡಿದ ಬೆಳಿಗ್ಗೆಯೇ ಮುಗಿದುಹೋಗಿತ್ತು. ಅದು ಅವಳಿಗೆ ಅವತ್ತೇ ಗೊತ್ತಿತ್ತೋ, ನನ್ನ ಉತ್ಸಾಹ ನೋಡಿ ಸುಮ್ಮನಿದ್ದಳೋ, ಧ್ವನಿ ಮರಳಿ ಬರುತ್ತದೆಂಬ ಭರವಸೆಯಲ್ಲಿದ್ದಳೋ, ನಾನು ಕೇಳಲಿಲ್ಲ. ಭಟ್ಟರು ಗಡಿಯಾರ ನೋಡಿದರು. ಸಂಬಂಧಿಕರಲ್ಲೊಬ್ಬಳು ತಾನು ಹೇಳುತ್ತೇನೆಂದು ಮುಂದೆ ಬಂದಳು, ಅಕ್ಕಯ್ಯ ಬೇಡವೆಂದು ತಲೆಯಾಡಿಸಿ, ಹಸೆಯ ಪಕ್ಕಕ್ಕೆ ಬಂದು ನಿಂತಳು. ನನ್ನ ಕೈಗೆ ಬಿಸಿನೀರಿನ ಚೊಂಬು ಕೊಟ್ಟಳು.

ಮೊದಲ ಸಾಲು ಅರ್ಧಕ್ಕೇ ಗಾಳಿಯಾಗಿ ಹೋಯಿತು. ಹೊಸಿಲು ದಾಟಿದ ಮಗಳು ಒಂದು ಹೆಜ್ಜೆಗೆ ನಿಂತಳು. ಹಿಂದೆ ಹಿಡಿಯಬೇಕಾದ ಹೆಂಗಸರಿಗೆ ಹಿಡಿಯಲು ಏನೂ ಸಿಗದೆ ಅವರೂ ಸುಮ್ಮನೆ ನಿಂತರು. ಚೊಂಬು ಕೊಟ್ಟೆ. ಒಂದು ಗುಟುಕು ಕುಡಿದು ಅದೇ ಸಾಲನ್ನು ಮತ್ತೆ, ಇನ್ನೂ ಕೆಳಗಿನ ಶ್ರುತಿಯಲ್ಲಿ, ಹೇಳುವುದಕ್ಕೂ ಹಾಡುವುದಕ್ಕೂ ನಡುವೆ ಹೇಳಿದಳು. ಈ ಸಲ ಸಾಲು ಕೊನೆ ಮುಟ್ಟಿತು. ಮಗಳು ಎರಡನೇ ಹೆಜ್ಜೆ ಇಟ್ಟಳು. ಹೊಸಿಲಿನಿಂದ ಹಸೆಗೆ ಹತ್ತು ಮಾರೂ ಇರಲಿಲ್ಲ. ಅಮ್ಮನ ಉಸಿರು ಕಟ್ಟಿದಲ್ಲಿ ಅವಳು ನಿಂತಳು, ಸಾಲು ಎದ್ದಾಗ ನಡೆದಳು, ತಲೆ ಎತ್ತಿ ಅಮ್ಮನ ಬಾಯನ್ನೇ ನೋಡುತ್ತ. ಭಟ್ಟರು ಮತ್ತೆ ಗಡಿಯಾರ ನೋಡಲಿಲ್ಲ. ಕೊನೆಯ ಸಾಲಿಗೆ ಬರುವಾಗ ಚೊಂಬು ಖಾಲಿಯಾಗಿತ್ತು, ಮಗಳ ಕಾಲು ಮಣೆಗೆ ತಾಗಿತ್ತು. ಅಕ್ಕಯ್ಯ ಅವಳ ಭುಜ ಒತ್ತಿ ಕೂರಿಸಿದಳು.