ಬರೆಯದೆ ಬಿಟ್ಟ ನಾಲ್ಕು ಸಾಲು

ಭಾನುವಾರ, ಬೆಳಗಿನ ಆರು ಗಂಟೆ. ವೈಟ್‌ಫೀಲ್ಡಿನ ಹದಿನೆಂಟು ಅಂತಸ್ತಿನ ಅಪಾರ್ಟ್‌ಮೆಂಟ್ ಒಂದರ ಗೇಟಿನ ಮುಂದೆ ಬಸಲಿಂಗ ನಿಂತಿದ್ದಾರೆ. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಸದ್ದಾಗದಂತೆ ಬಟ್ಟೆ ಸುತ್ತಿದ ಹಿತ್ತಾಳೆ ಗಂಟೆ, ಬೆನ್ನಿಗೆ ಊಟ ತಲುಪಿಸುವ ಹುಡುಗರು ಹಾಕಿಕೊಳ್ಳುವಂಥ ಚೌಕದ ಚೀಲ. ಗಾರ್ಡು ಚೀಲ ನೋಡಿ “ಡೆಲಿವರಿ?” ಎನ್ನುತ್ತಾನೆ. “ಅಲ್ಲಪ್ಪ, ಹೆಳವ” ಎನ್ನುತ್ತಾರೆ ಬಸಲಿಂಗ. ಗಾರ್ಡಿನ ಫೋನಿನಲ್ಲಿ ಅತಿಥಿ, ಕ್ಯಾಬು, ಮನೆಗೆಲಸ, ಡೆಲಿವರಿ ಎಂದು ನಾಲ್ಕೇ ಬಗೆಯ ಜನರಿಗೆ ಜಾಗವಿದೆ. ಅವನು ಸ್ವಲ್ಪ ಯೋಚಿಸಿ ಡೆಲಿವರಿ ಎಂದೇ ಒತ್ತುತ್ತಾನೆ. ಹನ್ನೊಂದನೇ ಅಂತಸ್ತಿನವರು ತಾವೇನೂ ತರಿಸಿಲ್ಲವೆಂದು ಉತ್ತರ ಕಳಿಸುತ್ತಾರೆ.

ಬಸಲಿಂಗ ವಾದಿಸುವುದಿಲ್ಲ. ಕಾಂಪೌಂಡಿನ ಹೊರಗೆ ಕಂಬಳಿ ಹಾಸಿ ಕೂತು, ಚೀಲದಿಂದ ಉದ್ದನೆಯ ರಿಜಿಸ್ಟರ್ ತೆಗೆದು, ಹನ್ನೊಂದನೇ ಅಂತಸ್ತಿನ ಕಡೆ ಮುಖ ಮಾಡಿ ಆ ಮನೆಯ ಹಿರಿಯರ ಹೆಸರುಗಳನ್ನು ಓದುತ್ತಾರೆ. ಏಳು ತಲೆಮಾರು, ಮೂವತ್ತೊಂದು ಹೆಸರು. ಕೇಳುವುದಕ್ಕೆ ಗಾರ್ಡು ಮತ್ತು ಒಂದು ಬೀದಿ ನಾಯಿ. ಓದಿ ಮುಗಿಸಿ, ರಿಜಿಸ್ಟರನ್ನು ಕಣ್ಣಿಗೊತ್ತಿಕೊಂಡು ಏಳುವಾಗ ಮಂಡಿ ಹಿಡಿದುಕೊಳ್ಳುತ್ತಾರೆ. ವಯಸ್ಸು ಅರವತ್ತೊಂದು.

“ಬಂದ್ ಮ್ಯಾಲೆ ಯೇಳ್ದೆ ಓಗಂಗಿಲ್ಲ ಸಾರ್. ಅವ್ರು ಕೇಳುದ್ರೆ ಕೇಳ್ಲಿ, ಬುಟ್ರೆ ಬುಡ್ಲಿ” ಎಂದು ಈ ಬರಹಕ್ಕಾಗಿ ಜೊತೆಗೆ ಬಂದ ನನಗೆ ಹೇಳುತ್ತಾರೆ.

ಹೆಳವರೆಂದರೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಕಾಯುವವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬಂದು, ಯಾವ ಊರು ಬಿಟ್ಟಿರಿ, ಯಾರ ಮಗ ಯಾರು ಎಂದು ಮನೆಬಾಗಿಲಲ್ಲಿ ಹೇಳಿ, ಕಾಳೋ ಬಟ್ಟೆಯೋ ಪಡೆದು ಹೋಗುತ್ತಿದ್ದವರು. ಒಬ್ಬ ಹೆಳವನ ಮನೆಗಳಿಗೆ ಇನ್ನೊಬ್ಬ ಹೆಳವ ಕಾಲಿಡುವುದಿಲ್ಲ. ಬಸಲಿಂಗರ ಪಾಲಿಗೆ ಬಂದಿರುವುದು ಮುನ್ನೂರ ನಲವತ್ತು ಮನೆ. ಅವುಗಳಲ್ಲಿ ಅರವತ್ತೊಂದು ಈಗ ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಚೆದುರಿ ಹೋಗಿವೆ. ಮನೆಯವರು ತಿಂಡಿ ತಿನ್ನುವ ಮೊದಲೇ ಸತ್ತವರ ಹೆಸರು ಹೇಳಬೇಕೆಂಬುದು ಅವರ ಅಪ್ಪನ ಕಾಲದ ಕಟ್ಟಳೆ. ಏಳು ಗಂಟೆಗೆ ಮುಂಚೆ ಮನೆಯವರು ಒಪ್ಪದೆ ಯಾರನ್ನೂ ಬಿಡಬಾರದೆಂಬುದು ಅಪಾರ್ಟ್‌ಮೆಂಟುಗಳ ಕಟ್ಟಳೆ. ಎರಡರ ನಡುವೆ ಒಂದು ಭಾನುವಾರಕ್ಕೆ ಮೂರು ಮನೆ ಮುಟ್ಟಿದರೆ ಹೆಚ್ಚು. ಮೂರರಲ್ಲಿ ಒಂದು ಬಾಗಿಲು ತೆರೆದರೆ ಅದೇ ಹಬ್ಬ.

ಉಳಿದ ಆರು ದಿನ ಅವರು ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಒಂದರಲ್ಲಿ ಹುಲ್ಲಿಗೆ ನೀರು ಹಾಯಿಸುತ್ತಾರೆ. ಚಿತ್ರದುರ್ಗದ ಕಡೆಯಿಂದ ಬಂದು ಇಪ್ಪತ್ತಮೂರು ವರ್ಷವಾಯಿತು. ಎತ್ತನ್ನು ಊರಲ್ಲೇ ಮಾರಿ, ಅದರ ಕೊರಳ ಗಂಟೆಯನ್ನು ಮಾತ್ರ ತಂದರು. ಮೊದಲು ದೊಡ್ಡನೆಕ್ಕುಂದಿಯ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಬಾಟಲಿ ಮುಚ್ಚಳದ ಮಷೀನಿನ ಮುಂದೆ ನಿಂತರು. ಅವರ ಬದುಕು ಕೆಟ್ಟದ್ದು ಅಲ್ಲಿಯೇ, ಅದೂ ಮಷೀನಿನಿಂದಲ್ಲ.

ಅಪ್ಪ ಬಿಟ್ಟುಹೋದ ವಂಶಾವಳಿಯ ಹೊತ್ತಿಗೆಗೆ ಆಗ ಹುಳು ಬಿದ್ದಿತ್ತು. ಹಳತು ಹಾಳಾಗುವ ಮುಂಚೆ ಹೊಸದಕ್ಕೆ ನಕಲು ಮಾಡಿಕೊಳ್ಳಬೇಕು, ನಕಲು ಮುಗಿದ ಮೇಲೆ ಹಳೆಯದನ್ನು ಹೊಳೆಗೆ ಬಿಡಬೇಕು. ಎರಡನ್ನೂ ಇಟ್ಟುಕೊಂಡರೆ ಸತ್ತವರು ಯಾವುದರಲ್ಲಿ ಇರಬೇಕೆಂದು ತಿಳಿಯದೆ ಅಲೆಯುತ್ತಾರೆ ಎಂದು ಅಪ್ಪ ಹೇಳಿದ್ದರು. ಬಸಲಿಂಗ ಎಂಟು ತಿಂಗಳು ಊಟದ ಬಿಡುವಿನಲ್ಲಿ, ರಟ್ಟಿನ ಡಬ್ಬದ ಮೇಲೆ ರಿಜಿಸ್ಟರ್ ಇಟ್ಟುಕೊಂಡು ನಕಲು ಮಾಡಿದರು. ಹಳೆಯ ಹೊತ್ತಿಗೆಯಲ್ಲಿ ಪ್ರತಿ ಮನೆಯ ಹೆಸರುಗಳ ಕೆಳಗೆ ನಾಲ್ಕಾರು ಸಾಲು ಇರುತ್ತಿತ್ತು. ಯಾಕೆ ಊರು ಬಿಟ್ಟರು, ದಾರಿಯಲ್ಲಿ ಯಾರು ಸತ್ತರು, ಯಾರು ನೆರಳು ಕೊಟ್ಟರು. ಮೊದಲ ನಲವತ್ತು ಮನೆಗಳಿಗೆ ಅದನ್ನೂ ಬರೆದರು. ಆಮೇಲೆ ಹೆಬ್ಬೆರಳು ಊದಿಕೊಂಡಿತು. ಅಪ್ಪನ ಅಕ್ಷರ ಇರುವೆ ಸಾಲಿನಂತೆ ಸಣ್ಣದು, ಮಷೀನಿನ ಮುಂದೆ ದುಡಿದ ಕಣ್ಣಿಗೆ ಕಾಣುತ್ತಿರಲಿಲ್ಲ.

“ಅಷ್ಟು ವರ್ಸ ತಿರುಗಿದೀನಿ, ಒಬ್ರೂ ಯಾಕೆ ಅಂತ ಕೇಳಿರ್ಲಿಲ್ಲ ಸಾರ್. ನನ್ ಮಗನ ಹೆಸ್ರು ಸೇರ್ಸಿದ್ಯಾ ಅಂತ ಕೇಳೋರು, ಅಷ್ಟೇ. ಹೆಸ್ರಿದ್ರೆ ಸಾಕು ಅಂದ್ಕಂಡೆ. ಕಾರಣ ಬುಟ್ಬುಟ್ಟೆ.”

ಮುನ್ನೂರು ಮನೆಗಳ ಕಾರಣ ಬಿಟ್ಟರು. ನಕಲು ಮುಗಿದ ಭಾನುವಾರ ಹರಿಹರಕ್ಕೆ ಹೋಗಿ, ಅರಿಸಿನ ಕುಂಕುಮ ಇಟ್ಟು, ಹಳೆಯ ಹೊತ್ತಿಗೆಯನ್ನು ತುಂಗಭದ್ರೆಗೆ ಬಿಟ್ಟು ಬಂದರು. ಹನ್ನೆರಡು ವರ್ಷ ಏನೂ ಆಗಲಿಲ್ಲ.

ಕಳೆದ ಮಾಘದಲ್ಲಿ ದೊಡ್ಡನೆಕ್ಕುಂದಿಯ ಫ್ಲ್ಯಾಟ್ ಒಂದರಿಂದ ಫೋನು ಬಂತು. ಫೋನು ಮಾಡಿದ ಚನ್ನವೀರಪ್ಪ ನಿವೃತ್ತ ಎಂಜಿನಿಯರ್. ಬಸಲಿಂಗರ ಪಾಲಿಗೆ ಸೇರಿದ ಅವರ ಮನೆತನಕ್ಕೆ ದೊಡ್ಡಬಾಗಿಲ ಮನೆಯೆಂದು ಹೆಸರು. ಮಗಳು ನಿವೇದಿತಾ ತನ್ನ ಜೊತೆ ಕೆಲಸ ಮಾಡುವ ಮಲ್ಲಿಕ್ ಎಂಬುವನನ್ನು ಮೆಚ್ಚಿದ್ದಳು. ಜಾತಿ ಒಂದೇ, ಸೀಮೆ ಒಂದೇ, ಓದು ಒಂದೇ. ಆದರೆ ಅವನು ಬಾವಿಮನೆಯ ಹುಡುಗ. ದೊಡ್ಡಬಾಗಿಲ ಮನೆಯವರು ಬಾವಿಮನೆಯಲ್ಲಿ ನೀರು ಕುಡಿಯುವುದಿಲ್ಲ, ಹೆಣ್ಣು ಕೊಡುವುದಿಲ್ಲ. ಯಾಕೆಂದು ಎರಡೂ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದಿಷ್ಟೇ: ಎರಡೂ ಮನೆತನ ಹಿಂದೆ ಕಲ್ಲುಮಟ್ಟಿ ಎಂಬ ಊರಿನಲ್ಲಿದ್ದವು. ಅಲ್ಲಿನ ಪಾಳೆಯಗಾರನ ಇಬ್ಬರು ಮಕ್ಕಳು ಗದ್ದುಗೆಗಾಗಿ ಕಾದಾಡಿದಾಗ ಊರು ಎರಡಾಯಿತು. ಹೊರಗಿನ ಶತ್ರುವೇ ಇಲ್ಲದೆ, ಅಣ್ಣನ ಕಡೆಯವರು, ತಮ್ಮನ ಕಡೆಯವರು ಎಂದು ನೆರೆಹೊರೆಯವರೇ ಹನ್ನೊಂದು ವರ್ಷ ಒಬ್ಬರನ್ನೊಬ್ಬರು ಕೊಂದರು. ಹೆಳವರ ಹೊತ್ತಿಗೆ ಅದನ್ನು ‘ಒಳಗಾಳಗ’ ಎನ್ನುತ್ತದೆ. ಆ ಕಾಲದಲ್ಲಿ ಎರಡೂ ಮನೆಯವರು ಊರು ಬಿಟ್ಟರು. ಊರು ಬಿಟ್ಟ ಕಾರಣದಲ್ಲೇ ಈ ಮುನಿಸಿನ ಕಾರಣವೂ ಇರಬೇಕೆಂದು ಎಲ್ಲರ ನಂಬಿಕೆ.

ಚನ್ನವೀರಪ್ಪನವರು ಕಟುಕರೇನಲ್ಲ. ಹೆಳವರನ್ನು ಕರೆಸೋಣ, ಕಾರಣ ಸಣ್ಣದಾಗಿದ್ದರೆ ಮರೆತುಬಿಡೋಣ, ರಕ್ತವೇನಾದರೂ ಬಿದ್ದಿದ್ದರೆ ಬೇಡ ಎಂದರು. ಬಾವಿಮನೆಯವರೂ ಒಪ್ಪಿದರು. ಅಪ್ಪನ ಎದೆಗೆ ಎರಡು ಸಲ ಸ್ಟೆಂಟ್ ಹಾಕಿಸಿ ತಂದವಳು ನಿವೇದಿತಾಳೇ. ಅವರನ್ನು ಎದುರು ಹಾಕಿಕೊಂಡು ಮದುವೆಯಾಗುವ ಧೈರ್ಯ ಅವಳಿಗಿರಲಿಲ್ಲ. ಹಾಗಾಗಿ ಎಲ್ಲವೂ ಆ ಚೌಕದ ಚೀಲದ ಮೇಲೆ ಬಂದು ನಿಂತಿತು.

ಅವತ್ತು ಬೆಳಗ್ಗೆ ಗೇಟಿಗೆ ಅವಳೇ ಇಳಿದು ಬಂದಳು. ಇಪ್ಪತ್ತಮೂರು ವರ್ಷದಲ್ಲಿ ಬಸಲಿಂಗರನ್ನು ಗೇಟಿನವರೆಗೆ ಬಂದು ಕರೆದೊಯ್ದವರು ಅವಳೊಬ್ಬಳೇ. ಲಿಫ್ಟಿನಲ್ಲಿ ಇಬ್ಬರೇ.

“ಅಜ್ಜ, ಬರಗಾಲಕ್ಕೆ ಬಿಟ್ರು ಅಂತ ಇದ್ಯಾ ಅದರಲ್ಲಿ?”

“ನೋಡ್ಬೇಕು ತಾಯಿ.”

“ಇಲ್ದಿದ್ರೂ... ನೀವು ಹೇಳಿದ್ರೆ ಅಪ್ಪ ನಂಬ್ತಾರೆ. ನಾನ್ ಕೇಳ್ಬಾರ್ದು, ಗೊತ್ತು. ಆದ್ರೂ ಕೇಳ್ತಿದೀನಿ.”

ಮೇಲೆ ಎರಡೂ ಮನೆಯವರು ಸೋಫಾದಲ್ಲಿ ಎದುರುಬದುರು ಕೂತಿದ್ದರು. ನಿವೇದಿತಾಳ ತಾಯಿ ಕಮಲಮ್ಮ ಮೊರದಲ್ಲಿ ಅಕ್ಕಿ, ಅಕ್ಕಿಯ ಮೇಲೆ ಹೊಸ ಪಂಚೆ ಇಟ್ಟಿದ್ದರು. ಯಾರೂ ಇನ್ನೂ ಕಾಫಿ ಕೂಡ ಕುಡಿದಿರಲಿಲ್ಲ. ಬಸಲಿಂಗ ಗಂಟೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮೂರು ಸಲ ಬಾರಿಸಿ, ನಿವೇದಿತಾಳ ತಾತನ ತಾತನಿಂದ ಹಿಂದಕ್ಕೆ ಹೆಸರು ಹೇಳುತ್ತಾ ಹೋದರು. ಕಲ್ಲುಮಟ್ಟಿ ಬಿಟ್ಟು ಬಂದ ಮೊದಲನೆಯ ಚನ್ನವೀರನ ಹೆಸರಿಗೆ ಬಂದು ನಿಂತರು. ‘ಒಳಗಾಳಗದಲ್ಲಿ ಊರು ಬಿಟ್ಟರು.’ ಅದರ ಕೆಳಗೆ ಮುಂದಿನ ಮನೆಯ ಹೆಸರು ಶುರುವಾಗಿತ್ತು.

“ಯಾಕೆ ಬಿಟ್ರು?” ಚನ್ನವೀರಪ್ಪ ಕೇಳಿದರು.

ಆ ಪುಟ ಹಳೆಯ ಹೊತ್ತಿಗೆಯಲ್ಲಿ ಹೇಗಿತ್ತೆಂದು ಬಸಲಿಂಗರಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಡಗಡೆ ಅರಿಸಿನದ ಕಲೆ. ಹೆಸರುಗಳ ಕೆಳಗೆ ಒತ್ತಾಗಿ ನಾಲ್ಕು ಸಾಲು. ಅದರಲ್ಲಿ ‘ನೀರು’ ಎಂಬ ಮಾತಿತ್ತು, ಅಷ್ಟು ನೆನಪಿದೆ. ನೀರು ಕೊಟ್ಟರೆಂದಿತ್ತೋ, ಕೊಡಲಿಲ್ಲವೆಂದಿತ್ತೋ, ನೀರಿಗೆ ಏನಾದರೂ ಬೆರೆಸಿದರೆಂದಿತ್ತೋ ನೆನಪಿಲ್ಲ. ತಲೆ ಚಚ್ಚಿಕೊಂಡರೂ ಬರುವುದಿಲ್ಲ.

“ಬರ ಅನ್ನೋ ಒಂದು ಮಾತು ಸಾರ್. ಬಾಯಿವರ್ಗೂ ಬಂದಿತ್ತು. ಆ ಮಗು ನನ್ನೇ ನೋಡ್ತಾ ನಿಂತಿತ್ತು. ಆದ್ರೆ ಹೊತ್ತಿಗೇಲಿ ಇಲ್ದಿದ್ದು ಹೆಳವ ಯೇಳಂಗಿಲ್ಲ. ಇವತ್ತು ಒಂದು ಯೇಳುದ್ರೆ ನಾಳೆಯಿಂದ ಮುನ್ನೂರ ನಲವತ್ತು ಮನೆ ಸತ್ತೋರೂ ಸುಳ್ಳಾಗ್ತಾರೆ.”

ಇದ್ದದ್ದನ್ನು ಇದ್ದಂತೆ ಹೇಳಿದರು. ಕಾರಣ ಇತ್ತು, ನಾನು ನಕಲು ಮಾಡದೆ ಬಿಟ್ಟೆ, ತಪ್ಪು ನನ್ನದು ಎಂದರು. ಯಾರೂ ನಂಬಲಿಲ್ಲ. ಹೆಳವರು ಮನೆತನದ ಮಾನ ಕಾಯುವವರು, ಕೆಟ್ಟದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಳ್ಳೆಯದನ್ನಷ್ಟೇ ಹೇಳುವವರು ಎಂದು ಎರಡೂ ಮನೆಯವರು ಕೇಳಿಕೊಂಡೇ ಬೆಳೆದಿದ್ದರು. ಚನ್ನವೀರಪ್ಪನವರ ಮುಖ ಬಿಳಿಚಿಕೊಂಡಿತು. “ಹೆಳವನ ಬಾಯಲ್ಲೂ ಬಾರದಂಥದ್ದು ಏನೋ ನಡೆದಿದೆ. ಸಾಕು, ಬಿಡಪ್ಪ” ಎಂದರು. ಬಸಲಿಂಗ ಕೈಮುಗಿದು ಮತ್ತೆ ಮತ್ತೆ ಹೇಳಿದಷ್ಟೂ ಅವರಿಗೆ ಅನುಮಾನ ಗಟ್ಟಿಯಾಗುತ್ತಾ ಹೋಯಿತು. ಬಾವಿಮನೆಯವರು ಎದ್ದು ಚಪ್ಪಲಿ ಹುಡುಕತೊಡಗಿದರು. ಕಮಲಮ್ಮ ಅಕ್ಕಿ, ಪಂಚೆ ಎರಡನ್ನೂ ಕೊಟ್ಟೇ ಕಳಿಸಿದರು. ಸುಳ್ಳು ಹೇಳಿದ್ದರೆ ನಂಬುತ್ತಿದ್ದ ಜನ ನಿಜವನ್ನು ನಂಬಲಿಲ್ಲ.

ಒಂದು ದಾರಿ ಉಳಿದಿತ್ತು. ಬಾವಿಮನೆಗೆ ಬೇರೆ ಹೆಳವರಿದ್ದಾರೆ. ಅವರ ಹೊತ್ತಿಗೆಯಲ್ಲಿ ಇದ್ದೀತು. ನಾಲ್ಕು ಭಾನುವಾರ ಹುಡುಕಿ, ಕೊನೆಗೆ ಪೀಣ್ಯದ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ ಸಿದ್ದರಾಜುವನ್ನು ಬಸಲಿಂಗ ಹಿಡಿದರು. ಸಿದ್ದರಾಜು ಮನೆಮನೆ ತಿರುಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದೆ. ಆದರೆ ಅವನ ಅಜ್ಜನ ಹೊತ್ತಿಗೆ ಮಂಚದ ಕೆಳಗಿನ ಟ್ರಂಕಿನಲ್ಲಿ ಹಾಗೇ ಇತ್ತು. ಇಬ್ಬರೂ ಗೋದಾಮಿನ ಹಿಂದಿನ ಅವನ ಕೋಣೆಯ ಹೊಸ್ತಿಲಲ್ಲಿ ಕೂತು, ಬಿಸಿಲಿಗೆ ಹಿಡಿದು ಪುಟ ತಿರುವಿದರು. ಬಾವಿಮನೆ ಸಿಕ್ಕಿತು. ಒಳಗಾಳಗ ಸಿಕ್ಕಿತು. ಕೆಳಗೊಂದು ಸಾಲೂ ಇತ್ತು. ಅದನ್ನು ಸಿದ್ದರಾಜುವೇ ಬೆರಳಿಟ್ಟು ಓದಿದ:

‘ಕಾರಣಕ್ಕೆ ದೊಡ್ಡಬಾಗಿಲ ಮನೆಯ ಹೊತ್ತಿಗೆ ನೋಡುವುದು.’

“ಆವತ್ತು ಪೀಣ್ಯದಿಂದ ಹೆಂಗ್ ಬಂದೆ ಅನ್ನೋದು ಗೊತ್ತಿಲ್ಲ ಸಾರ್” ಎನ್ನುತ್ತಾರೆ ಬಸಲಿಂಗ. ಕಾಡುಗೋಡಿಯ ಬಾಡಿಗೆ ಕೋಣೆಯಲ್ಲಿ ಎರಡು ದಿನ ಎದ್ದು ಕೂರಲಿಲ್ಲವೆಂದು ಮಗಳು ಭಾಗ್ಯಶ್ರೀ ಹೇಳುತ್ತಾಳೆ. ಅವಳು ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕುತ್ತಾಳೆ. ಅಪ್ಪನ ರಿಜಿಸ್ಟರನ್ನು ಮುಂದೆ ಯಾರು ನೋಡಿಕೊಳ್ಳುತ್ತಾರೆಂದು ಕೇಳಿದರೆ ತಲೆ ತಗ್ಗಿಸುತ್ತಾಳೆ. “ನಂಗೆ ಅದು ಬರಲ್ಲ ಸಾರ್. ಬೇಕಾಗೂ ಇಲ್ಲ.”

ಮಲ್ಲಿಕನ ಮದುವೆ ಬೇರೆ ಕಡೆ ಆಯಿತು. ನಿವೇದಿತಾ ದೊಡ್ಡನೆಕ್ಕುಂದಿಯ ಮನೆಯಲ್ಲೇ ಇದ್ದಾಳೆ. ಅಪ್ಪನ ಮಾತ್ರೆ, ಆಸ್ಪತ್ರೆ ಎಲ್ಲ ನೋಡಿಕೊಳ್ಳುತ್ತಾಳೆ, ಅವರೊಂದಿಗೆ ಮಾತು ಮಾತ್ರ ಆಡುವುದಿಲ್ಲ. ಈ ಬರಹದಲ್ಲಿ ಹೆಸರು ಹಾಕಬಹುದೇ ಎಂದಾಗ ಅವಳು ಫೋನಿನಲ್ಲಿ ಹೇಳಿದ್ದಿಷ್ಟು: “ಹಾಕಿ. ಎಲ್ಲಾದ್ರೂ ಒಂದ್ಕಡೆ ಬರ್ದಿರ್ಲಿ.”

ಅವಳಿಗೆ ಗೊತ್ತಿಲ್ಲ, ಆಗಲೇ ಒಂದು ಕಡೆ ಬರೆದಿದೆ. ಬಸಲಿಂಗ ಗೇಟಿನ ಹೊರಗೆ ಮತ್ತೆ ಕಂಬಳಿಯ ಮೇಲೆ ಕೂತು ರಿಜಿಸ್ಟರ್ ಬಿಚ್ಚುತ್ತಾರೆ. ಮನೆಯ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಬರೆಯುವ ವಾಡಿಕೆಯಿಲ್ಲ. ಹೆಳವ ತನ್ನ ಹೆಸರನ್ನು ಬರೆದುಕೊಳ್ಳುವುದಂತೂ ಇಲ್ಲವೇ ಇಲ್ಲ. ಮುನ್ನೂರ ನಲವತ್ತು ಮನೆಗಳ ಸಾವಿರಾರು ಹೆಸರುಗಳ ನಡುವೆ ಈ ಎರಡು ಕಟ್ಟಳೆಗಳನ್ನೂ ಮುರಿದಿರುವುದು ಒಂದೇ ಪುಟದಲ್ಲಿ. ಅಕ್ಷರ ಗುಂಡಗೆ, ದೊಡ್ಡದಾಗಿ, ಯಾರ ಕಣ್ಣಿಗೂ ಕಾಣುವಂತಿದೆ. ಸರಿಯಾಗಿ ನಾಲ್ಕು ಸಾಲು. ಅವರು ಬೆರಳಿಟ್ಟು ಓದುತ್ತಾರೆ:

‘ದೊಡ್ಡಬಾಗಿಲ ಮನೆ, ಹತ್ತನೇ ತಲೆ, ಚನ್ನವೀರಪ್ಪನ ಮಗಳು ನಿವೇದಿತಾ.
ಬಾವಿಮನೆಯ ಮಲ್ಲಿಕನಿಗೆ ಕೊಡಬೇಕೆಂದದ್ದು ನಿಂತುಹೋಯಿತು.
ಎರಡೂ ಮನೆಯವರ ತಪ್ಪಿಲ್ಲ.
ಕಾರಣ, ಹೆಳವ ಬಸಲಿಂಗ ಬರೆಯದೆ ಬಿಟ್ಟದ್ದು.’

ಓದಿ, ರಿಜಿಸ್ಟರ್ ಮುಚ್ಚಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬಟ್ಟೆ ಸುತ್ತಿದ ಗಂಟೆಯನ್ನು ಕೈಗೆತ್ತಿಕೊಳ್ಳುತ್ತಾರೆ. ಇವತ್ತಿನ ಪಾಲಿಗೆ ಇನ್ನೂ ಎರಡು ಮನೆಗಳಿವೆ, ಎರಡೂ ಎಲೆಕ್ಟ್ರಾನಿಕ್ ಸಿಟಿಯ ಕಡೆ.

“ನಂದೇನಿಲ್ಲ ಸಾರ್. ಇದನ್ನ ಮುಂದೆ ಯಾರಾದ್ರೂ ನಕಲು ಮಾಡಿದ್ರೆ, ಅವ್ರ ಕೈ ಎಷ್ಟು ನೋಯ್ತಿದ್ರೂ ಸರಿ, ಈ ನಾಲ್ಕು ಸಾಲು ಬುಡ್ಬಾರ್ದು.”