ಕಳೆ ಕೀಳೋಕೆ ಹೋಗಿ

ಸ್ನೇಹಿತರೇ, ಇವತ್ತು ನನ್ನ ಏಳು ವರ್ಷದ ಮಗಳು ಒಂದು ಹೊಗಳಿಕೆ ಕೇಳಿ ಅತ್ತುಬಿಟ್ಟಳು.

ಇಲ್ಲಿ ಫಾಲ್, ಎಲೆ ಉದುರೋ ಕಾಲ ಬಂತಲ್ಲ, ಮಳೆ ಶುರುವಾಗೋದರೊಳಗೆ ಲಾನು ಕ್ಲೀನ್ ಮಾಡೋಣ ಅಂತ ಬೆಳಿಗ್ಗೆ ಅವಳನ್ನೂ ಕರ್ಕೊಂಡು ಫ್ರೀಮಾಂಟಿನ ನಮ್ಮ ಮನೆ ಮುಂದೆ ಕೂತಿದ್ದೆ. "ಇದೆಲ್ಲ ಕಳೆ ಪುಟ್ಟಿ, ವೀಡ್ಸು. ಬೀಜ ಆಗೋ ಮುಂಚೆ ಬೇರುಸಮೇತ ಕೀಳಬೇಕು" ಅಂದೆ. ಕನ್ನಡ ಕಲಿಸಿದ ಹಾಗೂ ಆಯ್ತು, ಕೆಲಸ ಮಾಡಿಸಿಕೊಂಡ ಹಾಗೂ ಆಯ್ತು ಅಂತ ಒಳಗೊಳಗೇ ಖುಷಿ.

ಅಷ್ಟರಲ್ಲಿ ವಾಕಿಂಗು ಹೊರಟಿದ್ದ ಪಕ್ಕದ ಮನೆಯ ಮೈಸೂರಿನ ಆಂಟಿ ನಿಂತು, ಮಗಳ ಗಲ್ಲ ಹಿಡಿದು, "ಅಬ್ಬಾ, ಏನ್ ಕಳೆ ಕಣೇ ನಿನ್ ಮುಖದಲ್ಲಿ!" ಅಂದ್ರು.

ಮಗಳ ಕಣ್ಣು ತುಂಬಿತು. "ಡ್ಯಾಡಿ, ಐ ಹ್ಯಾವ್ ವೀಡ್ಸ್ ಆನ್ ಮೈ ಫೇಸ್?"

ಆಂಟಿ ಗಾಬರಿಯಾಗಿ, "ಅಯ್ಯೋ, ನಾನೇನಂದೆ ಈಗ?" ಅಂತ ನನ್ನ ಕಡೆ ನೋಡಿದ್ರು.

ಕೈಯ ಮಣ್ಣು ಒರೆಸಿಕೊಂಡು, ಮುಖದ ಕಳೆ ಅಂದ್ರೆ ಕಾಂತಿ, ಲಕ್ಷಣ, ಅದೇ ಬೇರೆ, ಇದೇ ಬೇರೆ ಅಂತ ಬಿಡಿಸಿ ಹೇಳಿದೆ. ಅವಳು ಮೂಗು ಒರೆಸಿಕೊಂಡು ಲಾನು ಪೂರ್ತಿ ಒಂದು ಸಲ ನೋಡಿದಳು. ಹಳದಿ ಹೂ ಬಿಟ್ಟಿದ್ದ, ಕೀಳೋದು ಬಾಕಿಯಿದ್ದ ಒಂದು ಡ್ಯಾಂಡಲಿಯನ್ ಗಿಡದ ಮುಂದೆ ಹೋಗಿ ಕೂತು ಕೇಳಿದಳು, "ದೆನ್ ವಿಚ್ ಕಳೆ ಈಸ್ ದಿಸ್?"

ಹುಟ್ಟಿದಾಗಿಂದ ಕನ್ನಡ ಮಾತಾಡ್ತಿದೀನಿ, ಆದ್ರೂ ಅದನ್ನ ಬಿಟ್ಟು ಪಕ್ಕದ ಗಿಡಕ್ಕೆ ಕೈ ಹಾಕಿದೆ.

ಈಗ ಲಾನೆಲ್ಲ ನೀಟು, ಮಧ್ಯದಲ್ಲಿ ಅದೊಂದೇ ನಿಂತಿದೆ. "ಅದನ್ಯಾಕೆ ಬಿಟ್ರಿ?" ಅಂತ ಹೆಂಡತಿ ಕೇಳಿದಳು.

"ಅದು ನಮ್ಮ ಲಾನಿನ ಕಳೆ" ಅಂದೆ.

ಹೇಗೆ ತಗೊಂಡ್ರೂ ಸುಳ್ಳಲ್ಲ.