ಸಿನಿಮಾದಲ್ಲಿ ಸರೋಜತ್ತೆಯ ಹಾಡು

ಟೇಪ್‌ರೆಕಾರ್ಡರಿಗೆ ಹೂವಿನ ಬಟ್ಟೆಯ ಹೊದಿಕೆ ಹೊಲಿಸಿ, ಅದನ್ನು ಮನೆಯ ಅಳಿಯನಂತೆ ನೋಡಿಕೊಳ್ಳುತ್ತಿದ್ದ ಕಾಲ ಅದು. ಹಲಸೂರಿನ ನಮ್ಮ ಮನೆಯ ಹಿತ್ತಲಲ್ಲಿ ತಾತನ ಎರಡು ಹಸು, ಹಿಂಡಿ ನೆನೆಸಿದ ವಾಸನೆ. ಮುಂದೆ ಬೀದಿಯಲ್ಲಿ ನಮ್ಮ ಕುಂಟೆಬಿಲ್ಲೆ. ನಡುಮನೆಯ ಗೂಡಿನಿಂದ ಪಾಪ್ ತಾರೆ ಲೀನಾಳ ಹಾಡು. ನನ್ನ ಓರಗೆಯವರಿಗೆ ಆ ಕ್ಯಾಸೆಟ್ಟುಗಳ ಹುಚ್ಚು ನೆನಪಿರಬೇಕು. ಸಲೂನು, ಆಟೋ, ಮದುವೆಮನೆ, ಎಲ್ಲಿ ಹೋದರೂ ಅವಳದೇ ದನಿ.

ಸರೋಜತ್ತೆ ನಮ್ಮಪ್ಪನ ಕೊನೆಯ ತಂಗಿ. ಶಿವಾಜಿನಗರದ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದಳು. ಗಣೇಶನ ಪೆಂಡಾಲಿನಿಂದ ರಾಜ್ಯೋತ್ಸವದ ವೇದಿಕೆಯವರೆಗೆ ಅವಳ ಹೆಸರು ‘ಜೂನಿಯರ್ ಲೀನಾ’. ಅವಳು ಮೊದಲು ಸ್ಟೇಜು ಹತ್ತಿದ ದಿನದಿಂದ ತಾತ ಅವಳ ಕೈಯ ಕಾಫಿ ಕುಡಿಯುವುದನ್ನು ಬಿಟ್ಟಿದ್ದ. ಮಾತೂ ನನ್ನ ಮೂಲಕವೇ.

“ಪುಟ್ಟೀ, ಆ ಮೈಕ್ ರಾಣಿಗೆ ಹೇಳು, ಹಸೂಗೆ ನೀರಿಡಕ್ಕೆ.”

ಅತ್ತೆ ಪಕ್ಕದಲ್ಲೇ ನಿಂತಿರುತ್ತಿದ್ದಳು. “ಪುಟ್ಟೀ, ಯಜಮಾನ್ರಿಗೆ ಹೇಳು, ಇಟ್ಟು ಆಗ್ಲೇ ಯಾವ ಕಾಲ ಆಯ್ತು ಅಂತ.”

ನಾನು ನಗುತ್ತಿದ್ದೆ. ಅತ್ತೆಯೂ ನಗುತ್ತಿದ್ದಳು. ಆದರೆ ಅಜ್ಜಿ ಕಾಫಿ ಲೋಟ ಹಿಡಿದು ಜಗಲಿಗೆ ಹೋಗುವಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದುದನ್ನೂ ನಾನು ಕಂಡಿದ್ದೇನೆ.

ಅಷ್ಟರಲ್ಲಿ ಲೀನಾ ಚಿಕ್ಕ ವಯಸ್ಸಿಗೇ ತೀರಿಕೊಂಡಳು. ಅವಳ ಜೀವನದ ಮೇಲೆ ಸಿನಿಮಾ ತೆಗೆಯುತ್ತಿರುವ ಸುದ್ದಿ ತಂದವರು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಡೇವಿಡ್ ಅಂಕಲ್. ಕಾಕ್ಸ್‌ಟೌನಿನ ಬೇಕರಿಯ ದಿಲ್‌ಪಸಂದ್ ಇಲ್ಲದೆ ಅವರು ನಮ್ಮ ಹೊಸಿಲು ದಾಟಿದ್ದೇ ಇಲ್ಲ.

“ಕ್ಯಾಸೆಟ್ ಕಂಪನಿಯೋರು ಹಾಡು ಕೊಡಲ್ಲ ಅಂದ್ಬಿಟ್ರು ಮಾ. ಡೈರೆಕ್ಟ್ರು ತಲೆ ಮೇಲೆ ಕೈ ಹೊತ್ಕೊಂಡ್ ಕೂತಿದಾರೆ. ನಾನಂದೆ, ಅದೇ ವಾಯ್ಸ್ ಬೇಕಾ? ನಮ್ ಸರೋಜಾ ಇದಾಳಲ್ಲ ಸಾರ್!”

ಆ ಬೇಸಿಗೆ ರಜೆಯೆಲ್ಲ ನಮ್ಮ ಮನೆಯಲ್ಲಿ ಒಂದೇ ಹಾಡು: “ಬಾ ಬಾ ಬಿಸಿಲೇ, ನಮ್ಮ ಬೀದಿಯ ಕೊನೆಯ ಮನೆಯ ಕಿಟಕಿಗೆ ಬಾ.” ಲೀನಾ ಅಷ್ಟನ್ನೂ ಒಂದೇ ಉಸಿರಿನಲ್ಲಿ ಹಾಡಿದ್ದಳು. ಅತ್ತೆಗೆ ಚಿಕ್ಕಂದಿನಿಂದ ಉಬ್ಬಸ. ‘ಕಿಟಕಿಗೆ’ ಎನ್ನುವ ಮೊದಲು ಚಿಕ್ಕದಾಗಿ ಉಸಿರು ಎಳೆದುಕೊಳ್ಳದೆ ಅವಳಿಂದ ಆಗುತ್ತಿರಲಿಲ್ಲ.

ನನ್ನನ್ನು ಬಾಗಿಲ ಹಿಂದೆ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದಳು. “ಈಗ ಹೇಳೇ, ಟೇಪೋ, ನಾನೋ?”

“ನೀನು!”

“ಹೆಂಗ್ ಗೊತ್ತಾಯ್ತು?”

“ಉಸಿರು ತಗೊಂಡ್ಯಲ್ಲ.”

“ಥೂ, ಕಿವಿಯಲ್ಲ ನಿಂದು! ನನ್ ಎದೇಲಿ ಅಷ್ಟೇ ಕಣೇ ಗಾಳಿ ಇರೋದು.”

ಅದೊಂದನ್ನು ಬಿಟ್ಟರೆ ನನಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಸ್ಟುಡಿಯೋಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಆ ಸಾಲಿಗೆ ಬಂದು ಅತ್ತೆ ತಡವರಿಸಿದಾಗ ಗಾಜಿನಾಚೆಯ ರೆಕಾರ್ಡಿಂಗ್‌ನವರು, “ಆ ಉಸಿರು ಹಂಗೇ ಇರ್ಲಿ ಮೇಡಂ, ಅದ್ರಲ್ಲೇ ಜೀವ ಇದೆ” ಅಂದರು. ವಾಪಸು ಬರುವಾಗ ಶಿವಾಜಿನಗರದ ಬಸ್‌ಸ್ಟಾಂಡಿನಲ್ಲಿ ಬಿಸಿ ಸಮೋಸ ಕೊಡಿಸಿದಳು. ನಾನು ತಿನ್ನುತ್ತಿದ್ದೆ, ಅವಳು ಹೇಳುತ್ತಿದ್ದಳು: “ಮೇಡಂ ಅಂದ್ರು ಕಣೇ. ಕೇಳಿಸ್ಕೊಂಡ್ಯಾ? ಜೀವ ಇದೆ ಅಂದ್ರು.”

ಸಿನಿಮಾ ಬಿಡುಗಡೆಯಾದಾಗ ಇಡೀ ಮನೆ ಹೊರಟಿತು. ಅಜ್ಜಿ ಏನು ಹೇಳಿ ಒಪ್ಪಿಸಿದಳೋ, ತಾತನೂ ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿಕೊಂಡು ಬಂದ. ಅತ್ತೆ ಆ ಕಡೆ, ತಾತ ಈ ಕಡೆ, ನಡುವೆ ನಾನು.

ಹಾಡು ಶುರುವಾಯಿತು. ದೊಡ್ಡಪ್ಪನ ಮಗ ಸೀಟಿನ ಮೇಲೆ ನಿಂತು ಶಿಳ್ಳೆ ಹೊಡೆದ. “ನಮ್ಮತ್ತೆ ಗುರು! ನಮ್ಮತ್ತೆ ಹಾಡಿರೋದು!” ಆ ಸಾಲು ಬಂತು. ನಾನು ಉಸಿರಿಗಾಗಿ ಕಾದೆ. ದನಿ ಎಲ್ಲೂ ತುಂಡಾಗದೆ ‘ಕಿಟಕಿಗೆ ಬಾ’ವರೆಗೆ ನೀರಿನ ಹಾಗೆ ಹರಿದುಹೋಯಿತು.

“ಅತ್ತೇ, ಇದು ಟೇಪು,” ಅಂದೆ.

ಅವಳ ಅಂಗೈ ನನ್ನ ಬಾಯಿ ಮುಚ್ಚಿತು. ಮಲ್ಲಿಗೆಯ ವಾಸನೆ, ಬೆವರು. ಆ ಪಕ್ಕ ತಾತ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಹೊರಗೆ ಬಂದಾಗ ತಾತ ನನ್ನ ಕಡೆ ತಿರುಗಲಿಲ್ಲ. ನೇರವಾಗಿ ಅವಳನ್ನೇ ಕೇಳಿದ: “ಸರೋಜಾ, ಆ ಸಾಲು ಅಷ್ಟುದ್ದ ಹೆಂಗಮ್ಮ ಎಳ್ದೆ? ನಿಂಗೆ ಉಬ್ಬಸ ಅಲ್ವಾ?”

ಅತ್ತೆ ನನ್ನತ್ತ ಒಮ್ಮೆ ನೋಡಿದಳು. “ಅಭ್ಯಾಸ ಅಪ್ಪಾ,” ಅಂದಳು.

“ಮನೇಗೋಗಿ ಒಂದ್ ಲೋಟ ಕಾಫಿ ಮಾಡ್ಕೊಡವ್ವ.”

ಮಾರನೆಯ ದಿನ ಡೇವಿಡ್ ಅಂಕಲ್ ಬಂದರು. ಕೈಯಲ್ಲಿ ಬೇಕರಿಯ ಪೊಟ್ಟಣ ಇರಲಿಲ್ಲ. “ಕಂಪನಿಯೋರು ಲಾಸ್ಟ್‌ನಲ್ಲಿ ಒಪ್ಕೊಂಡ್ರಂತೆ ಮಾ. ಲೀನಾದೇ ಹಳೇ ಸಾಂಗು ಹಾಕ್ಬಿಟ್ರು. ನಂಗೂ ಹೇಳಿಲ್ಲ, ರಾಸ್ಕಲ್ಸ್. ನಿಮ್ಮಪ್ಪಂಗೆ ಹೇಳ್ಬಿಡು.”

“ಹೇಳಿದ್ರೆ ಕಾಫಿ ಲೋಟ ವಾಪಸ್ ಬರುತ್ತೆ ಅಂಕಲ್,” ಅಂದಳು ಅತ್ತೆ.

ಅವಳು ಹಾಡಿದ್ದ ಟೇಪನ್ನಾದರೂ ಕೊಡಿ ಎಂದು ಅಂಕಲ್ ಸ್ಟುಡಿಯೋಗೆ ಹೋದರು. ಅದರ ಮೇಲೆ ಬೇರೆ ಯಾವುದೋ ಚಿತ್ರದ ಹಾಡು ತುಂಬಿಯಾಗಿತ್ತಂತೆ.

ಆಮೇಲೆ ಶುರುವಾಯಿತು ನೋಡಿ. ನಾಮಕರಣವಿರಲಿ, ಸೀಮಂತವಿರಲಿ, ನೆಂಟರಿಗೆಲ್ಲ ಅದೇ ಹಾಡು ಬೇಕು. ಅತ್ತೆ ಹಾಡುತ್ತಿದ್ದಳು, ಆ ಸಾಲಿನಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದಳು. ಯಾರಾದರೊಬ್ಬರು ಹೇಳಿಯೇ ಹೇಳುತ್ತಿದ್ದರು: “ಏನೇ ಹೇಳು ಸರೋಜಾ, ಪಿಕ್ಚರ್‌ನಲ್ಲೇ ಚೆನ್ನಾಗ್ ಹಾಡಿದ್ದೆ.”

ತಾತ ಗದರುತ್ತಿದ್ದ: “ಗಂಟ್ಲು ಕಟ್ಟೈತೆ ಅವ್ಳಿಗೆ, ಸುಮ್ನಿರ್ರೋ.” ಆ ಮಾತು ಕೇಳಿದಾಗ ಅವಳ ಮುಖ ಇನ್ನಷ್ಟು ಸಣ್ಣದಾಗುತ್ತಿತ್ತು. ಮುಂದಿನ ಗಣೇಶನ ಹಬ್ಬದ ಹೊತ್ತಿಗೆ ಅವಳಿಗೆ ನಿಜವಾಗಿಯೂ ಗಂಟಲು ಕಟ್ಟಿತ್ತು. ಆರ್ಕೆಸ್ಟ್ರಾಗೂ ಹೋಗಲಿಲ್ಲ, ಅಡುಗೆಮನೆಯಲ್ಲೂ ಗುನುಗಲಿಲ್ಲ. ತಾತ ಮಾತ್ರ ಕೊನೆಯವರೆಗೂ ಅವಳ ಕೈಯ ಕಾಫಿಯನ್ನೇ ಕುಡಿದ, ಸಿನಿಮಾದಲ್ಲಿ ಹಾಡಿದ ಮಗಳು ಎಂದು ಬಂದವರಿಗೆಲ್ಲ ತೋರಿಸುತ್ತ.

ಈಗ ಹಸುಗಳಿಲ್ಲ, ಹಿತ್ತಲಿಲ್ಲ. ಆ ಜಾಗದಲ್ಲಿ ಫ್ಲಾಟಿನವರ ಕಾರುಗಳು ನಿಲ್ಲುತ್ತವೆ. ಡೇವಿಡ್ ಅಂಕಲ್ ಇಲ್ಲ. ಲೀನಾಳ ಹಾಡು ಮಾತ್ರ ಎಲ್ಲರ ಫೋನಿನಲ್ಲಿದೆ. ಸರೋಜತ್ತೆಯ ಹುಟ್ಟುಹಬ್ಬಕ್ಕೆ ಮನೆಯವರ ಗುಂಪಿನಲ್ಲಿ ಯಾರಾದರೂ ‘ನಮ್ಮತ್ತೆ ಹಾಡಿದ್ದು’ ಎಂದು ಅದನ್ನೇ ಕಳಿಸುತ್ತಾರೆ. ಅತ್ತೆ ಕೈಮುಗಿದ ಚಿತ್ರವೊಂದನ್ನು ಹಾಕುತ್ತಾಳೆ.

ನಾನು ಪ್ರತಿ ಸಲ ಕೇಳುತ್ತೇನೆ. ಆ ಸಾಲು ಬರುತ್ತದೆ. ‘ಕಿಟಕಿಗೆ’ ಎನ್ನುವ ಮೊದಲು, ನನಗೇ ಗೊತ್ತಿಲ್ಲದೆ, ಚಿಕ್ಕದಾಗಿ ಉಸಿರು ಎಳೆದುಕೊಳ್ಳುತ್ತೇನೆ. ಹಾಡು ನಿಲ್ಲುವುದಿಲ್ಲ.